ಟೊಮೆಟೊ ಹೋದ ದಾರಿಯಲ್ಲಿ

ಕೋಲಾರದಲ್ಲಿ, ಪದವಿಯ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಒಂದೆರಡು ಕಡೆ ವಿವರ ಸೇರಿಸಿದ್ದೇನೆ. ಉಳಿದದ್ದು ಅಲ್ಲಿ ಹೇಳಿದಂತೆಯೇ ಇದೆ.

ಎಲ್ಲರಿಗೂ ನಮಸ್ಕಾರ.

ಕೋಲಾರದವರಿಗೆ ಪ್ರಯಾಣ ಹೊಸದೇನಲ್ಲ. ಬೆಳಗಿನ ಜಾವ ಮಾರಿಕುಪ್ಪಂ ಕಡೆಯಿಂದ ಹೊರಡುವ ರೈಲು ಕೆಜಿಎಫ್, ಬಂಗಾರಪೇಟೆ, ಮಾಲೂರಿನ ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತದೆ. ರಾತ್ರಿ ಅದೇ ಜನ ನಿದ್ದೆಗಣ್ಣಿನಲ್ಲಿ ಇಳಿದು ಮನೆ ಸೇರುತ್ತಾರೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತಲ್ಲ, ಆವತ್ತಿನಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರುವುದೇ ಆ ರೈಲಿನಿಂದ. ನಿಮ್ಮಲ್ಲಿ ಕೆಲವರ ಅಪ್ಪ ಅಮ್ಮ ಈಗಲೂ ಅದರಲ್ಲೇ ಓಡಾಡುತ್ತಿರಬಹುದು. ಇನ್ನು ಕೆಲವರ ಅಕ್ಕ ಅಣ್ಣಂದಿರು ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳ ಬಸ್ಸು ಹತ್ತುತ್ತಾರೆ. ಡಿಗ್ರಿ ಮುಗಿದ ಮಾರನೇ ತಿಂಗಳೇ ನೀವೂ ಅದೇ ಬಸ್ಸಿಗೆ ನಿಲ್ಲಬೇಕು ಅಂತ ಮನೆಯಲ್ಲಿ ಲೆಕ್ಕ ಆಗಲೇ ನಡೆದಿರುತ್ತದೆ.

ಆ ಲೆಕ್ಕ ತಪ್ಪು ಅಂತ ನಾನು ಹೇಳುವುದಿಲ್ಲ. ದುಡಿಯಲೇಬೇಕು. ನಾನು ಕೇಳಿಕೊಳ್ಳುವುದು ಇಷ್ಟೇ: ಆ ಬಸ್ಸು ಹತ್ತುವ ಮೊದಲು ಒಂದೆರಡು ತಿಂಗಳು ನಿಮಗೆ ಗೊತ್ತಿಲ್ಲದ ಊರುಗಳಿಗೆ ಹೋಗಿ ಬನ್ನಿ. ಹೋಗುವಾಗ ನಮ್ಮ ಊರಿನದೇ ಒಂದು ಪ್ರಶ್ನೆ ಕಟ್ಟಿಕೊಂಡು ಹೋಗಿ. ನನಗೆ ಸಿಕ್ಕ ಕೆಲಸ, ಇವತ್ತು ನಿಮ್ಮ ಮುಂದೆ ನಿಂತು ಮಾತಾಡುವ ಧೈರ್ಯ, ಎರಡೂ ಅಂಥ ಒಂದು ಪ್ರಶ್ನೆಯಿಂದ ಬಂದವು. ಅದಕ್ಕೇ ನನ್ನ ಕಥೆಯನ್ನೇ ಹೇಳುತ್ತೇನೆ.

ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಗೆ ಹೋದರೆ ಉರ್ದು. ಎರಡೂವರೆ ಎಕರೆ ಜಮೀನು, ಒಂದು ಬೋರ್‌ವೆಲ್. ಅಪ್ಪ ಟೊಮೆಟೊ ಬೆಳೆಯುತ್ತಿದ್ದರು. ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ ಒಂದು ದಿನ ಮಾರ್ಕೆಟ್‌ನಲ್ಲಿ 15 ಕಿಲೋ ಬಾಕ್ಸಿಗೆ 30 ರೂಪಾಯಿ ಕೂಗಿದರು. ಕೀಳುವ ಕೂಲಿ, ಟೆಂಪೋ ಬಾಡಿಗೆ, ಮಂಡಿಯ ಕಮಿಷನ್ ಯಾವುದಕ್ಕೂ ಸಾಲದು. ಅಪ್ಪ ಲೋಡನ್ನು ವಾಪಸ್ ತಂದು ಕೆರೆ ಕಟ್ಟೆಯ ಪಕ್ಕ ಸುರಿದರು. ಮನೆಗೆ ಬಂದು ಕಾಲು ತೊಳೆದು ಜಗಲಿಯ ಮೇಲೆ ಕೂತು, ಯಾರನ್ನೂ ನೋಡದೆ ಕೇಳಿದರು: "ಇಷ್ಟು ಹಣ್ಣು ತಿನ್ನೋರು ಯಾರು? ಎಲ್ಲವ್ರೆ ಅವರು?"

ಯಾರೂ ಉತ್ತರ ಕೊಡಲಿಲ್ಲ. ಕೊಡಲು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಒಂದೇ ಬೆಳೆ ಬೆಳೆದ ಮನುಷ್ಯನಿಗೆ ತನ್ನ ಬೆಳೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಿಲ್ಲ. ನನಗೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮುಂದೆ ಬಿ.ಕಾಂ. ಸೇರಿದೆ. ಬೆಳಗ್ಗೆ ಕಾಲೇಜು, ಸಂಜೆ ಮಾರ್ಕೆಟ್ ಯಾರ್ಡಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹರಾಜು ಮುಗಿದ ಮೇಲೆ ಲಾರಿಗಳಿಗೆ ಬಿಲ್ಲು ಬರೆಯಬೇಕು. ಯುಪಿ ನಂಬರಿನ ಲಾರಿ, ರಾಜಸ್ಥಾನದ ಲಾರಿ, ಬಂಗಾಳದ ಲಾರಿ. "ಆಜಾದ್‌ಪುರ" ಅನ್ನುವ ಹೆಸರನ್ನು ದಿನಕ್ಕೆ ನಾಲ್ಕೈದು ಸಲ ಬರೆಯುತ್ತಿದ್ದೆ. ಅದು ದೆಹಲಿಯಲ್ಲಿದೆ ಅನ್ನುವುದಷ್ಟೇ ಗೊತ್ತು. ಊರೋ, ಬೀದಿಯೋ, ಅಂಗಡಿಯೋ ಗೊತ್ತಿಲ್ಲ.

2010ರ ಬೇಸಿಗೆಯಲ್ಲಿ ಡಿಗ್ರಿ ಮುಗಿಯಿತು. ಮನೆಯಲ್ಲಿ ಎರಡು ದಾರಿ ಇಟ್ಟರು. ಬೆಂಗಳೂರಿನಲ್ಲಿ ಬ್ಯಾಂಕ್ ಪರೀಕ್ಷೆಯ ಕೋಚಿಂಗು, ಇಲ್ಲವೇ ಮದುವೆ. ನಾನು ಎರಡು ತಿಂಗಳು ಕೊಡಿ, ದೆಹಲಿಗೆ ಹೋಗಿ ಬರುತ್ತೇನೆ ಅಂದೆ. ಅಮ್ಮ ಅನ್ನದ ತಪ್ಪಲೆ ಕೆಳಗಿಟ್ಟು, "ಎಕ್ಕಡಿಕಿ ಪೋತಾವೇ? ಎವರುನ್ನಾರು ಅಕ್ಕಡ ನೀಕು?" ಅಂದರು. ಎಲ್ಲಿಗೆ ಹೋಗ್ತೀಯೆ, ಅಲ್ಲಿ ನಿನಗೆ ಯಾರಿದ್ದಾರೆ? ಒಂದು ವಾರ ಮನೆಯಲ್ಲಿ ಮಾತಿಲ್ಲ. ಆಮೇಲೆ ಒಂದು ಸಂಜೆ ಅಪ್ಪ, "ನಿಮ್ಮ ದೊಡ್ಡಮ್ಮನ ಮಗಳು ಜೊತೆಗೆ ಬರೋದಾದ್ರೆ ಹೋಗು. ಆ ಮಾರ್ಕೆಟ್‌ನಾಗೆ ಏನು ನಡೀತದೋ ಕಣ್ಣಾರೆ ನೋಡ್ಕೊಂಡು ಬಾ" ಅಂದರು. ಅಕ್ಕ ಡಿ.ಎಡ್. ಮುಗಿಸಿ ಹುದ್ದೆಗಾಗಿ ಕಾಯುತ್ತಿದ್ದಳು. ಮಂಡಿಯ ಸಂಬಳದಲ್ಲಿ ನಾನು ಉಳಿಸಿದ್ದು 14,000, ಅವಳು ತಂದದ್ದು 8,000. ಸೆಪ್ಟೆಂಬರಿನಲ್ಲಿ ಹೊರಟೆವು. 58 ದಿನ ತಿರುಗಿದೆವು.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್. ಗೌರಿಬಿದನೂರು ದಾಟಿ, ಹಿಂದೂಪುರ, ಗುಂತಕಲ್, ರಾಯಚೂರು, ಕಲಬುರಗಿ, ಸೊಲ್ಲಾಪುರ. ನೇರವಾಗಿ ದೆಹಲಿಗೆ ಹೋಗದೆ ನಾವು ಮಾರನೇ ದಿನ ಮಧ್ಯಾಹ್ನ ಅಹ್ಮದ್‌ನಗರದಲ್ಲಿ ಇಳಿದುಬಿಟ್ಟೆವು. ಈಗ ಅದನ್ನು ಅಹಿಲ್ಯಾನಗರ ಅನ್ನುತ್ತಾರೆ. ಇಳಿದದ್ದಕ್ಕೆ ಕಾರಣ ಹಿವರೆ ಬಜಾರ್ ಅನ್ನುವ ಹಳ್ಳಿ. ಅದರ ವಿಷಯ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಪತ್ರಿಕೆಯಲ್ಲಿ ಓದಿದ್ದೆ.

ಆ ಹಳ್ಳಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನೀವೆಲ್ಲ ಕೋಲಾರದ ಮಕ್ಕಳು. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಸಾವಿರಾರು ಕೆರೆಗಳಿವೆ, ಆದರೆ ನಾವು ಬೋರ್‌ವೆಲ್‌ಗಳನ್ನು ಸಾವಿರ, ಸಾವಿರದಿನ್ನೂರು ಅಡಿಗೆ ಇಳಿಸಿದ್ದೇವೆ. ಆದರೂ ನಮಗೆ ವರ್ಷಕ್ಕೆ 700 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹಿವರೆ ಬಜಾರ್‌ನಲ್ಲಿ ಬೀಳುವುದು 400ರ ಆಸುಪಾಸು. ನಮಗಿಂತ ಬಡ ಮಳೆಯ ಊರು. ಒಂದು ಕಾಲದಲ್ಲಿ ಜನ ಗುಳೆ ಹೋಗುತ್ತಿದ್ದ ಊರು. 1989ರಲ್ಲಿ ಪೋಪಟರಾವ್ ಪವಾರ್ ಅನ್ನುವ ಓದಿದ ಯುವಕ ಅಲ್ಲಿ ಸರಪಂಚರು, ಅಂದರೆ ಗ್ರಾಮ ಪಂಚಾಯಿತಿ ಅಧ್ಯಕ್ಷರು, ಆದರು. ಗುಡ್ಡಗಳಲ್ಲಿ ಇಂಗುಗುಂಡಿ ತೋಡಿದರು, ಮರ ಬೆಳೆಸಿದರು, ದನಗಳನ್ನು ಗುಡ್ಡಕ್ಕೆ ಬಿಡುವುದನ್ನು ನಿಲ್ಲಿಸಿದರು. ಬೇಸಾಯಕ್ಕೆ ಬೋರ್‌ವೆಲ್ ಕೊರೆಯುವ ಹಾಗಿಲ್ಲ, ಕಬ್ಬು ಬಾಳೆ ಹಾಕುವ ಹಾಗಿಲ್ಲ ಅಂತ ಊರೇ ಕೂತು ತೀರ್ಮಾನಿಸಿತು. ಮಳೆ ಮುಗಿದ ಮೇಲೆ ಊರಿನಲ್ಲಿ ಎಷ್ಟು ನೀರಿದೆ ಅಂತ ಅಳೆದು, ಕುಡಿಯಲು ಇಷ್ಟು, ದನಕ್ಕೆ ಇಷ್ಟು, ಬೆಳೆಗೆ ಇಷ್ಟು ಅಂತ ಗ್ರಾಮಸಭೆಯಲ್ಲಿ ಹಂಚುತ್ತಾರೆ. ನೀರಿನ ಬಜೆಟ್ ಅನ್ನುತ್ತಾರೆ ಅದಕ್ಕೆ. ಪವಾರ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು.

ಅಲ್ಲಿ ನಾನು ಒಂದು ತೆರೆದ ಬಾವಿಯ ಕಟ್ಟೆಯ ಮೇಲೆ ಕೂತೆ. ಬಗ್ಗಿ ನೋಡಿದರೆ ನನ್ನ ಮುಖ ಕಾಣಿಸಿತು. ನಮ್ಮ ತೋಟದ ಹಳೇ ಬಾವಿಯಲ್ಲಿ ಅಷ್ಟು ಮೇಲೆ ನೀರು ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅದರೊಳಗೆ ಮುಳ್ಳುಗಿಡ ಬೆಳೆದಿತ್ತು. ನೀರಿಲ್ಲದಿರುವುದು ಕೋಲಾರದ ಹಣೆಬರಹ ಅಂತ ನನಗೆ ಚಿಕ್ಕಂದಿನಿಂದ ಹೇಳಿದ್ದರು. ಶಾಲೆಯಲ್ಲೂ ಹೇಳಿದ್ದರು, ಮನೆಯಲ್ಲೂ ಹೇಳಿದ್ದರು. ಆ ಬಾವಿಯ ಕಟ್ಟೆಯ ಮೇಲೆ ಕೂತಾಗ ಆ ಮಾತಿನ ಮೇಲೆ ನನಗಿದ್ದ ನಂಬಿಕೆ ಹೋಯಿತು. ಯಾವ ಪುಸ್ತಕದಿಂದಲೂ ಅದು ಹಾಗೆ ಹೋಗುತ್ತಿರಲಿಲ್ಲ. ಪತ್ರಿಕೆಯಲ್ಲಿ ಇದನ್ನೇ ಓದಿದ್ದಾಗ "ಅಲ್ಲಿ ಮಣ್ಣು ಬೇರೆ ಇರಬೇಕು" ಅಂದುಕೊಂಡು ಪುಟ ತಿರುಗಿಸಿದ್ದೆ.

ಅಲ್ಲಿಂದ ಬಸ್ಸಿನಲ್ಲಿ ನಾಸಿಕ್. ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್ ಈರುಳ್ಳಿಗೆ ಹೆಸರುವಾಸಿ. ನಾನು ಹೋದದ್ದು ಪಿಂಪಳಗಾಂವ್ ಬಸವಂತ್ ಅನ್ನುವ ಊರಿಗೆ, ಅಲ್ಲಿನ ಟೊಮೆಟೊ ಮಾರ್ಕೆಟ್‌ಗೆ. ಹೆದ್ದಾರಿಯ ಪಕ್ಕ, ಕಣ್ಣು ಹಾಯುವಷ್ಟು ದೂರ ಟ್ರ್ಯಾಕ್ಟರು, ಪಿಕಪ್ಪು. ನಮ್ಮಲ್ಲಿ ಬಾಕ್ಸು 15 ಕಿಲೋ, ಅಲ್ಲಿ ಕ್ರೇಟು 20 ಕಿಲೋ. ಹಾಗಾಗಿ ಎರಡೂ ಕಡೆಯ ದರವನ್ನು ಪಕ್ಕಪಕ್ಕ ಇಟ್ಟು ನೋಡುವಾಗ ನಮ್ಮವರು ಮೋಸ ಹೋಗುತ್ತಾರೆ. ಇದು ಸಣ್ಣ ವಿಷಯ, ಆದರೆ ಫೋನಿನಲ್ಲಿ ದರ ಕೇಳಿಕೊಂಡು ತೀರ್ಮಾನ ಮಾಡುವ ರೈತನಿಗೆ ಸಣ್ಣದಲ್ಲ.

ದೊಡ್ಡ ವಿಷಯ ಬೇರೆ. ನಾವು ಹೋದಾಗ ಸೆಪ್ಟೆಂಬರ್ ಕೊನೆ. ಅಲ್ಲಿನ ಒಬ್ಬ ಹಿರಿಯ ರೈತರು ನನ್ನ ನೋಟ್‌ಬುಕ್ ತೆಗೆದುಕೊಂಡು ಗೆರೆ ಎಳೆದು ತೋರಿಸಿದರು. ನಮ್ಮ ನಾಸಿಕ್ ಕಡೆಯ ಬೆಳೆ ಆಗಸ್ಟ್ ಕೊನೆಗೆ ಶುರು, ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಭರ್ತಿ. ಅದಕ್ಕೆ ಮುಂಚೆ ಜೂನ್, ಜುಲೈನಲ್ಲಿ ಉತ್ತರದ ಕಡೆ ಬಿಸಿಲಿಗೆ, ಮಳೆಗೆ ಬೆಳೆ ಹೋಗಿರುತ್ತದೆ, ಆಗ ನಿಮ್ಮ ಬೆಂಗಳೂರು ಕಡೆಯ ಮಾಲೇ ದೆಹಲಿಗೆ ಹೋಗುವುದು ಅಂದರು. ನಾನು ಕೂತಲ್ಲೇ ಲೆಕ್ಕ ಹಾಕಿದೆ. ನಮ್ಮಪ್ಪ ಮುಂಗಾರು ಹಿಡಿದ ಮೇಲೆ, ಜೂನ್ ಕೊನೆಗೆ ನಾಟಿ ಮಾಡುತ್ತಿದ್ದರು. ನಾಟಿಯಾದ ಎಪ್ಪತ್ತು, ಎಪ್ಪತ್ತೈದು ದಿನಕ್ಕೆ ಮೊದಲ ಕೊಯ್ಲು. ಅಂದರೆ ಸೆಪ್ಟೆಂಬರ್. ಪ್ರತಿ ವರ್ಷ, ನಾಸಿಕ್‌ನ ಬೆಳೆಯೆಲ್ಲ ಮಾರ್ಕೆಟ್‌ಗೆ ಬರುವ ತಿಂಗಳಿಗೆ ಸರಿಯಾಗಿ, ಅಪ್ಪ ತಮ್ಮ ಬಾಕ್ಸುಗಳನ್ನು ತೆಗೆದುಕೊಂಡು ಹೋಗುತ್ತಿದ್ದರು.

ಜಗಲಿಯ ಮೇಲೆ ಕೂತು ಅವರು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿ ಸಿಕ್ಕಿತು.

ಇನ್ನರ್ಧ ದೆಹಲಿಯಲ್ಲಿ. ಮನ್ಮಾಡದಿಂದ ರೈಲು ಹಿಡಿದು ಹೋದೆವು. ಕಾಮನ್‌ವೆಲ್ತ್ ಕ್ರೀಡಾಕೂಟ ಆಗತಾನೇ ಮುಗಿದಿತ್ತು, ಊರೆಲ್ಲ ಬಣ್ಣ ಬಳಿದು ನಿಂತಿತ್ತು. ಮೊದಲ ರಾತ್ರಿಗಳನ್ನು ಬಾಂಗ್ಲಾ ಸಾಹಿಬ್ ಗುರುದ್ವಾರದಲ್ಲಿ ಕಳೆದೆವು. ಅಲ್ಲಿ ಬಂದವರಿಗೆಲ್ಲ ಉಚಿತವಾಗಿ ಬಡಿಸುವ ಲಂಗರ್‌ನಲ್ಲಿ ಊಟ. ಊಟ ಆದ ಮೇಲೆ ಅಕ್ಕ ಒಳಗೆ ಹೋಗಿ ರೊಟ್ಟಿ ಒತ್ತುವವರ ಜೊತೆ ಕೂತುಬಿಟ್ಟಳು. ಮುದ್ದೆ ತಿರುವಿದ ಕೈ, ರೊಟ್ಟಿ ಬೇಗ ಕಲಿಯಿತು. ಯಾರೂ ನಮ್ಮ ಜಾತಿ ಕೇಳಲಿಲ್ಲ, ಊರು ಕೇಳಿದರು ಅಷ್ಟೇ.

ಆಜಾದ್‌ಪುರ ಮಂಡಿಗೆ ಬೆಳಗಿನ ಜಾವ ನಾಲ್ಕಕ್ಕೆ ಹೋದೆವು. ಹಣ್ಣು ತರಕಾರಿಯ ಸಗಟು ಮಾರ್ಕೆಟ್‌ಗಳಲ್ಲಿ ಏಷ್ಯಾದಲ್ಲೇ ದೊಡ್ಡವುಗಳಲ್ಲಿ ಅದೊಂದು. ಟೊಮೆಟೊ ಇಳಿಯುವ ಶೆಡ್‌ಗಳನ್ನು ಹುಡುಕಿಕೊಂಡು ಹೋಗಿ ಒಬ್ಬ ವ್ಯಾಪಾರಿಯನ್ನು "ಕೋಲಾರದ ಟೊಮೆಟೊ ಎಲ್ಲಿ ಇಳಿಯುತ್ತೆ?" ಅಂತ ಕೇಳಿದೆ. ಕೋಲಾರ ಅನ್ನುವ ಹೆಸರನ್ನೇ ಅವರು ಕೇಳಿರಲಿಲ್ಲ. ಕೈಸನ್ನೆ ಮಾಡಿ, ಬೆಂಗಳೂರಿನ ಪಕ್ಕ ಅಂದಾಗ, "ಓ, ಬೆಂಗಳೂರು ಮಾಲ್! ಅದು ಈಗ ಬರೋದಿಲ್ಲಮ್ಮ, ಜೂನ್ ಜುಲೈನಲ್ಲಿ ಬಾ" ಅಂದರು. ಸಿಪ್ಪೆ ದಪ್ಪ, ಎರಡು ದಿನ ಮೂರು ದಿನ ಲಾರಿಯಲ್ಲಿ ಬಂದರೂ ಒಡೆಯುವುದಿಲ್ಲ, ಒಳ್ಳೆಯ ಮಾಲು ಅಂತ ಹೊಗಳಿದರು. ನಾನು ಅಳಬಾರದು ಅಂದುಕೊಂಡಿದ್ದೆ, ಆದರೆ ಅತ್ತೆ. ಇಲ್ಲಿ ಕೆರೆ ಕಟ್ಟೆಯ ಪಕ್ಕ ಸುರಿದ ಹಣ್ಣನ್ನು ಎರಡು ಸಾವಿರ ಕಿಲೋಮೀಟರಿಗೂ ಆಚೆ ಒಬ್ಬರು ಒಳ್ಳೆಯ ಮಾಲು ಅನ್ನುತ್ತಿದ್ದಾರೆ. ಮತ್ತು ಅವರಿಗೆ ನಮ್ಮ ಊರಿನ ಹೆಸರು ಗೊತ್ತಿಲ್ಲ.

ಆ ಮಾತು ನಡೆದದ್ದು ಯಾವ ಭಾಷೆಯಲ್ಲಿ ಅಂತ ನೀವು ಕೇಳಬಹುದು. ನನಗೆ ಹಿಂದಿ ಬರುತ್ತಿರಲಿಲ್ಲ. ಮಂಡಿಯಲ್ಲಿ ಹಮಾಲರ ಜೊತೆ, ಲಾರಿ ಡ್ರೈವರುಗಳ ಜೊತೆ ಮಾತಾಡಿ ಕಲಿತ ಕೋಲಾರದ ಉರ್ದು ಬರುತ್ತಿತ್ತು. ಅದೇ ಸಾಕಾಯಿತು. ಕಾಲೇಜಿನಲ್ಲಿ ಬೆಂಗಳೂರಿನ ಹುಡುಗಿಯರ ಮುಂದೆ ನನ್ನ ಕನ್ನಡದಲ್ಲಿ ತೆಲುಗು ಬೆರೆತಿದೆ ಅಂತ ಕುಗ್ಗುತ್ತಿದ್ದೆ. ದೆಹಲಿಯಲ್ಲಿ ಒಬ್ಬ ವ್ಯಾಪಾರಿ "ನಿನಗೆ ಎಷ್ಟು ಭಾಷೆ ಬರುತ್ತಮ್ಮ?" ಅಂತ ಕೇಳಿ ಬೆರಳು ಎಣಿಸಿದಾಗ, ಅದು ನನ್ನ ಆಸ್ತಿ ಅಂತ ಗೊತ್ತಾಯಿತು. ನೀವು ಇಲ್ಲಿ ಕೂತವರಲ್ಲಿ ಮೂರು ಭಾಷೆ ಬಾರದವರು ಅಪರೂಪ. ಕೆಜಿಎಫ್ ಕಡೆಯವರಿಗೆ ತಮಿಳೂ ಸೇರಿ ನಾಲ್ಕು. ಊರು ಬಿಟ್ಟು ಹೊರಗೆ ಹೋಗುವವರೆಗೆ ಇದಕ್ಕೆ ಬೆಲೆ ಇದೆ ಅಂತ ನಿಮಗೆ ಯಾರೂ ಹೇಳುವುದಿಲ್ಲ.

ದೆಹಲಿಯಿಂದ ರಾಜಸ್ಥಾನದ ಅಲ್ವರ್ ಕಡೆ ಹೋಗಿ, ಅಲ್ಲಿನ ಹಳ್ಳಿಗರು ಕಟ್ಟಿಕೊಂಡಿರುವ ಜೋಹಡ್ ಅನ್ನುವ, ಮಳೆನೀರು ಹಿಡಿದಿಡುವ ಮಣ್ಣಿನ ಒಡ್ಡುಗಳನ್ನು ನೋಡಿದೆವು. ಆಗ್ರಾ ನೋಡಿದೆವು. ಅದರ ಬಗ್ಗೆ ನಾನು ಹೇಳುವುದು ಏನೂ ಇಲ್ಲ, ಎಲ್ಲರೂ ನೋಡುತ್ತಾರೆ.

ಕೆಟ್ಟದ್ದೂ ಆಯಿತು, ಅದನ್ನು ಮುಚ್ಚಿಟ್ಟು ನಿಮ್ಮನ್ನು ಹೊರಡಿಸುವುದು ಸರಿಯಲ್ಲ. ವಾಪಸ್ ಬರುವಾಗ ರಾತ್ರಿ ರೈಲಿನಲ್ಲಿ ಅಕ್ಕನ ಬ್ಯಾಗು ಹೋಯಿತು. 3,000 ರೂಪಾಯಿ, ಫೋನು, ಅವಳ ಡಿ.ಎಡ್. ಅಂಕಪಟ್ಟಿಯ ಮೂಲ ಪ್ರತಿ. ದುಡ್ಡಿಗಿಂತ ಅಂಕಪಟ್ಟಿ ನಮ್ಮನ್ನು ಅಳಿಸಿತು. ಎರಡನೇ ಪ್ರತಿ ತೆಗೆಸಲು ಎಂಟು ತಿಂಗಳು ಅಲೆದಳು. ಮೂಲ ದಾಖಲೆಗಳನ್ನು ಮನೆಯಲ್ಲೇ ಬಿಡಿ. ದುಡ್ಡನ್ನು ಎರಡು ಮೂರು ಕಡೆ ಇಟ್ಟುಕೊಳ್ಳಿ. ಕತ್ತಲಾದ ಮೇಲೆ ಹೊಸ ಊರಿಗೆ ಇಳಿಯುವ ಹಾಗೆ ಟಿಕೆಟ್ ಮಾಡಬೇಡಿ. ಈ ಮೂರನೆಯದನ್ನು ಹುಡುಗಿಯರಿಗೆ ಒತ್ತಿ ಹೇಳುತ್ತೇನೆ. ನಮ್ಮ 58 ದಿನದಲ್ಲಿ ನಾವು ಒಂದು ಸಲವೂ ಅದನ್ನು ಮುರಿಯಲಿಲ್ಲ.

ಊರಿಗೆ ಬಂದು ಅಪ್ಪನಿಗೆ ನೋಟ್‌ಬುಕ್ ತೋರಿಸಿದೆ. ಮುಂದಿನ ವರ್ಷ ಏಪ್ರಿಲ್ ಮೊದಲ ವಾರವೇ ಒಂದು ಎಕರೆ ಡ್ರಿಪ್‌ನಲ್ಲಿ ನಾಟಿ ಮಾಡಿದರು, ಜೂನ್ ಮಧ್ಯಕ್ಕೆ ಕಿತ್ತರು. ಆ ವರ್ಷ ಕೈಗೆ ದುಡ್ಡು ಬಂತು. ಅದರ ಮರುವರ್ಷ ಬೇಸಿಗೆಯ ಬಿಳಿನೊಣಕ್ಕೆ ಎಲೆ ಮುದುಡುವ ರೋಗ ಬಂದು ಅರ್ಧ ತೋಟ ಹೋಯಿತು. ಹಾಗಾಗಿ ನನ್ನ ಪ್ರಯಾಣ ನಮ್ಮ ಮನೆಯ ಕಷ್ಟವನ್ನೆಲ್ಲ ಪರಿಹರಿಸಿತು ಅಂತ ನಾನು ಹೇಳಲಾರೆ. ದರ ಬೀಳುವುದು ನಿಂತಿಲ್ಲ. 2023ರ ಜುಲೈನಲ್ಲಿ ಇದೇ ಕೋಲಾರದಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿದ್ದನ್ನು ನೀವೆಲ್ಲ ನೋಡಿದ್ದೀರಿ. ಹಣ್ಣನ್ನು ಬೀದಿಗೆ ಸುರಿದ ವರ್ಷಗಳನ್ನೂ ನೋಡಿದ್ದೀರಿ. ಆದರೆ ಅಪ್ಪ ಆಮೇಲೆ ಯಾವತ್ತೂ ಕುರುಡಾಗಿ ನಾಟಿ ಮಾಡಲಿಲ್ಲ. ನಾಸಿಕ್‌ನಲ್ಲಿ ಈ ಸಲ ಮಳೆ ಹೇಗಿದೆ ಅಂತ ಕೇಳಿಕೊಂಡು ಮಾಡಿದರು.

ಈಗ ಉದ್ಯೋಗದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಾಂಶುಪಾಲರು ನನ್ನನ್ನು ಕರೆದದ್ದೇ ಅದಕ್ಕೆ.

ಬಂದ ಮೇಲೆ ನಾನು ಎರಡು ಕಡೆ ಸಂದರ್ಶನಕ್ಕೆ ಹೋದೆ. ಒಂದು ಕಡೆ, ಡಿಗ್ರಿಯಾದ ಮೇಲೆ ಆರು ತಿಂಗಳು ಯಾಕೆ ಖಾಲಿ ಇದ್ದಿರಿ ಅಂತ ಕೇಳಿ, ನನ್ನ ಉತ್ತರ ಪೂರ್ತಿ ಕೇಳದೆ ಕಳಿಸಿದರು. ಹಾಗೂ ಆಗುತ್ತದೆ, ತಿಳಿದಿರಿ. ಇನ್ನೊಂದು ತರಕಾರಿ ಖರೀದಿ ಮಾಡುವ ಕಂಪನಿ. ಅಲ್ಲೂ ಅದೇ ಪ್ರಶ್ನೆ. ನಾನು ನೋಟ್‌ಬುಕ್ ಮೇಜಿನ ಮೇಲಿಟ್ಟೆ. ಪಿಂಪಳಗಾಂವ್‌ನಲ್ಲಿ ಆವತ್ತಿನ ಕ್ರೇಟಿನ ದರ, ಕಮಿಷನ್ ಎಷ್ಟು ಹಿಡಿಯುತ್ತಾರೆ, ಆಜಾದ್‌ಪುರದಲ್ಲಿ ಇಳಿಸುವ ಕೂಲಿ ಎಷ್ಟು, ದಾರಿಯಲ್ಲಿ ಎಷ್ಟು ಹಣ್ಣು ಕೆಡುತ್ತದೆ ಅಂತ ಡ್ರೈವರುಗಳು ಹೇಳಿದ್ದು, ಎಲ್ಲ ನನ್ನ ಕೈಬರಹದಲ್ಲಿತ್ತು. ಸಂದರ್ಶನ ಮಾಡುತ್ತಿದ್ದವರು ಹಾಳೆ ತಿರುಗಿಸುತ್ತ ಹೋದರು. ಇಪ್ಪತ್ತು ನಿಮಿಷ ನಾನು ಪಾಠ ಹೇಳುವವಳ ಹಾಗೆ ಮಾತಾಡಿದೆ. ನನ್ನ ಅಂಕ ಶೇಕಡಾ 58. ನನಗಿಂತ ಹೆಚ್ಚು ಅಂಕದವರು ಹೊರಗೆ ಸಾಲಾಗಿ ಕೂತಿದ್ದರು. ಕೆಲಸ ನನಗೆ ಸಿಕ್ಕಿತು.

ಈಗ ನಾನು ನಮ್ಮ ಕಡೆಯ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಮಾರಾಟದ ಕೆಲಸ ನೋಡಿಕೊಳ್ಳುತ್ತೇನೆ. ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ನಾನು ಕೇಳುವ ಒಂದು ಪ್ರಶ್ನೆ ಇದೆ. ನೀವು ಹೋದ ಯಾವುದಾದರೂ ಹೊಸ ಊರಿನಲ್ಲಿ ಜನ ಏನು ಮಾಡಿ ಬದುಕುತ್ತಾರೆ, ಹೇಳಿ. ಗೋವಾಕ್ಕೆ ಹೋಗಿದ್ದೆ ಮೇಡಂ, ಚೆನ್ನಾಗಿತ್ತು ಅನ್ನುವವರು ಬಹಳ. ಒಬ್ಬ ಹುಡುಗ ಮಾತ್ರ, ಚಿಂತಾಮಣಿ ಕಡೆಯವನು, ಧರ್ಮಸ್ಥಳದ ಯಾತ್ರೆಗೆ ಹೋದಾಗ ದಾರಿಯಲ್ಲಿ ಅಡಿಕೆ ಸುಲಿಯುವ ಹೆಂಗಸರ ಪಕ್ಕ ಕೂತು, ದಿನಕ್ಕೆ ಎಷ್ಟು ಸುಲಿಯುತ್ತಾರೆ, ಕೂಲಿ ಲೆಕ್ಕ ಹೇಗೆ, ಯಂತ್ರ ಬಂದ ಮೇಲೆ ಏನಾಯಿತು ಅಂತೆಲ್ಲ ಕೇಳಿಕೊಂಡು ಬಂದಿದ್ದ. ಆವತ್ತೇ ಅವನನ್ನು ತೆಗೆದುಕೊಂಡೆವು. ಅವನು ಹೋಗಿದ್ದು ಎರಡೇ ದಿನಕ್ಕೆ, ಅದೂ ಮನೆಯವರ ಜೊತೆ.

ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಹೆಸರು ನಿಮಗೆಲ್ಲ ಗೊತ್ತು. ಕೆಆರ್‌ಎಸ್ ಗೊತ್ತು. ಅವರು 1898ರಲ್ಲಿ, ಇನ್ನೂ ಬಾಂಬೆ ಸರ್ಕಾರದ ಎಂಜಿನಿಯರ್ ಆಗಿದ್ದಾಗಲೇ, ಜಪಾನಿಗೆ ಹೋಗಿ ಬಂದದ್ದನ್ನು ಯಾರೂ ಹೇಳಿಕೊಡುವುದಿಲ್ಲ. 1908ರಲ್ಲಿ ಆ ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಕೂರಲಿಲ್ಲ, ವಿದೇಶ ಸುತ್ತಲು ಹೊರಟರು. ಅದೇ ವರ್ಷ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿದಾಗ ನಿಜಾಮರ ಕರೆ ಅವರನ್ನು ತಲುಪಿದ್ದು ಆ ಸುತ್ತಾಟದ ನಡುವೆಯೇ. ಇವತ್ತಿಗೂ ಐಎಎಸ್ ಪಾಸಾದವರನ್ನು ಮಸ್ಸೂರಿಯ ತರಬೇತಿಯ ಭಾಗವಾಗಿ ಭಾರತ ದರ್ಶನಕ್ಕೆ ಕಳಿಸುತ್ತಾರೆ. ಜಿಲ್ಲೆಯನ್ನು ಕೈಗೆ ಕೊಡುವ ಮೊದಲು ದೇಶ ನೋಡಿ ಬಾ ಅನ್ನುತ್ತದೆ ಸರ್ಕಾರ. ಅಷ್ಟು ದೊಡ್ಡ ಕೆಲಸಕ್ಕೆ ಬೇಕಾದದ್ದು ನಮ್ಮ ಸಣ್ಣ ಕೆಲಸಗಳಿಗೂ ಬೇಕು.

ಕೈಯಲ್ಲಿ ದುಡ್ಡಿಲ್ಲ ಅನ್ನುವವರಿಗೆ ಒಂದೆರಡು ದಾರಿ ಹೇಳುತ್ತೇನೆ. ಸ್ಟೇಟ್ ಬ್ಯಾಂಕ್ ಪ್ರತಿಷ್ಠಾನದ ಯೂತ್ ಫಾರ್ ಇಂಡಿಯಾ ಅನ್ನುವ ಫೆಲೋಷಿಪ್ 2011ರಿಂದ ನಡೆಯುತ್ತಿದೆ. 21ರಿಂದ 32 ವಯಸ್ಸಿನ ಪದವೀಧರರು 13 ತಿಂಗಳು ದೇಶದ ಯಾವುದಾದರೂ ಹಳ್ಳಿಯಲ್ಲಿದ್ದು ಕೆಲಸ ಮಾಡಬೇಕು, ತಿಂಗಳ ಖರ್ಚಿಗೆ ಅವರೇ ಕೊಡುತ್ತಾರೆ. ಹಳ್ಳಿಯಿಂದ ಬಂದ ನಮ್ಮ ಮಕ್ಕಳು ಇಂಥದ್ದಕ್ಕೆ ಅರ್ಜಿ ಹಾಕುವುದೇ ಇಲ್ಲ, ಇಂಗ್ಲಿಷ್ ಬೇಕೇನೋ ಅಂತ ಹೆದರಿ ಬಿಡುತ್ತಾರೆ. ನನಗೆ ಇದು ಬಹಳ ಸಂಕಟ ಕೊಡುತ್ತದೆ. ಜಾಗೃತಿ ಯಾತ್ರೆ ಅಂತ ಒಂದು ರೈಲು ಪ್ರಯಾಣವೂ ಇದೆ, 2008ರಿಂದ. ಹದಿನೈದು ದಿನ, 8,000 ಕಿಲೋಮೀಟರ್, ನಾನೂರೈವತ್ತರಷ್ಟು ಯುವಕ ಯುವತಿಯರು ಒಂದೇ ರೈಲಿನಲ್ಲಿ, ಸ್ವಂತ ಉದ್ಯಮ ಕಟ್ಟಿದವರನ್ನು ನೋಡುತ್ತ ಹೋಗುತ್ತಾರೆ. ಅದಕ್ಕೆ ಶುಲ್ಕವಿದೆ, ಕಟ್ಟಲಾಗದವರಿಗೆ ನೆರವೂ ಇದೆ.

ಹೊರದೇಶದ ಮಾತು ಎತ್ತಿದರೆ ನಿಮ್ಮ ಕಣ್ಣು ಅರಳುತ್ತದೆ ಅಂತ ಗೊತ್ತು. ಬ್ರಿಟನ್ 18ರಿಂದ 30 ವಯಸ್ಸಿನ ಭಾರತೀಯ ಪದವೀಧರರಿಗೆ ವರ್ಷಕ್ಕೆ 3,000 ವೀಸಾ ಕೊಡುವ ಯೋಜನೆಯನ್ನು 2023ರಲ್ಲಿ ಶುರು ಮಾಡಿದೆ, ಎರಡು ವರ್ಷ ಅಲ್ಲಿದ್ದು ದುಡಿಯಬಹುದು. ಆಸ್ಟ್ರೇಲಿಯಾ 2024ರಲ್ಲಿ ಇಂಥದ್ದೇ ಒಂದನ್ನು ವರ್ಷಕ್ಕೆ 1,000 ಭಾರತೀಯರಿಗೆ ತೆರೆಯಿತು. ಎರಡಕ್ಕೂ ಲಾಟರಿ ಎತ್ತುತ್ತಾರೆ. ಎರಡಕ್ಕೂ ಆಯಾ ಸರ್ಕಾರದ ಜಾಲತಾಣದಲ್ಲೇ ನೀವೇ ಹೆಸರು ಹಾಕಬೇಕು. ಲಕ್ಷ ಕೊಡಿ, ಲಾಟರಿಯಲ್ಲಿ ಹೆಸರು ಬರಿಸುತ್ತೇನೆ ಅನ್ನುವ ಏಜೆಂಟ್ ಸುಳ್ಳು ಹೇಳುತ್ತಿದ್ದಾನೆ. ಅಪ್ಪನ ಜಮೀನಿನ ಪತ್ರ ಅವನ ಮುಂದೆ ಇಡಬೇಡಿ. ಪಾಸ್‌ಪೋರ್ಟ್ ಮಾತ್ರ ಈಗಲೇ ಮಾಡಿಸಿಡಿ, ಸಾಮಾನ್ಯ ಅರ್ಜಿಗೆ 1,500 ರೂಪಾಯಿ, ಹತ್ತು ವರ್ಷ ನಡೆಯುತ್ತದೆ.

ಹೋಗಲೇ ಆಗದವರು ಇದ್ದಾರೆ, ಗೊತ್ತು. ಮನೆಯಲ್ಲಿ ಕಾಯಿಲೆಯವರು, ತಲೆಯ ಮೇಲೆ ಸಾಲ, ತಂಗಿಯ ಫೀಸು. ಅವರಿಗೆ ಎರಡು ತಿಂಗಳು ಅನ್ನುವುದು ದೊಡ್ಡ ಮಾತು. ಅಂಥವರು ಹತ್ತಿರದಲ್ಲೇ ನೋಡಲಿ. ನಿಮ್ಮ ಮನೆಯಲ್ಲಿ ರೇಷ್ಮೆ ಇದ್ದರೆ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಆದ ಮೇಲೆ ಆ ಗೂಡು ಎಲ್ಲಿಗೆ ಹೋಗುತ್ತದೆ, ನೂಲು ಯಾರ ಮಗ್ಗ ಸೇರುತ್ತದೆ ಅಂತ ಹಿಡಿದು ಹೋಗಿ. ಮಾವು ಇದ್ದರೆ ಶ್ರೀನಿವಾಸಪುರದ ಲಾರಿ ಎಲ್ಲಿ ಇಳಿಯುತ್ತದೆ ನೋಡಿ. ಪಕ್ಕದ ಮದನಪಲ್ಲಿಯ ಟೊಮೆಟೊ ಮಾರ್ಕೆಟ್‌ಗೆ ಬೆಳಗ್ಗೆ ಹೋಗಿ ಸಂಜೆ ಬರಬಹುದು. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ. ಅದರ ಬಗ್ಗೆ ನಾವೆಲ್ಲ ಜಗಳವಾಡುತ್ತೇವೆ. ಆದರೆ ಅದು ಎಲ್ಲಿ ಶುದ್ಧವಾಗುತ್ತದೆ, ಯಾವ ಕೆರೆಯಿಂದ ಯಾವ ಕೆರೆಗೆ ಇಳಿಯುತ್ತದೆ ಅಂತ ಒಂದು ಭಾನುವಾರ ಬೈಕಿನಲ್ಲಿ ಹಿಂಬಾಲಿಸಿ ನೋಡಿದವರು ನಿಮ್ಮಲ್ಲಿ ಎಷ್ಟು ಜನ?

ಎರಡು ಕೈ ಮೇಲೆದ್ದವು. ಆ ಇಬ್ಬರನ್ನೂ ವೇದಿಕೆಗೆ ಕರೆದು ಹತ್ತು ನಿಮಿಷ ಮಾತಾಡಿಸಿದೆ. ಅವರು ಹೇಳಿದ್ದನ್ನು ಅವರೇ ಬರೆಯಲಿ ಅಂತ ಇಲ್ಲಿ ಬಿಟ್ಟಿದ್ದೇನೆ.

ಕೊನೆಗೆ ಪ್ರಶ್ನೆಗಳಿಗೆ ಸಮಯ ಕೊಟ್ಟರು. ಒಬ್ಬ ಹುಡುಗ, ಸರ್ಕಾರಿ ಕೆಲಸಕ್ಕೆ ಓದುತ್ತಿದ್ದೇನೆ, ಎರಡು ತಿಂಗಳು ಹೋದರೆ ಹಿಂದೆ ಬೀಳುವುದಿಲ್ಲವೇ ಅಂತ ಕೇಳಿದ. ಪರೀಕ್ಷೆಯ ದಿನಾಂಕ ಬಂದಿದ್ದರೆ ಓದಪ್ಪ, ಬಂದಿಲ್ಲದಿದ್ದರೆ ಹೋಗು ಅಂದೆ. ನಮ್ಮ ಅಕ್ಕ ಈಗ ಸರ್ಕಾರಿ ಶಾಲೆಯ ಶಿಕ್ಷಕಿ. ನಾಲ್ಕನೇ ತರಗತಿಗೆ ಭಾರತದ ನಕ್ಷೆ ಹೇಳಿಕೊಡುವಾಗ ಮಕ್ಕಳು ಕದಲುವುದಿಲ್ಲವಂತೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಮಾತು ಶುರು ಮಾಡಲು ಸ್ವಲ್ಪ ಹೊತ್ತು ಹಿಡಿಯಿತು. "ಮೇಡಂ, ನಿಮ್ಮಪ್ಪ ಒಪ್ಪಿದರು. ನಮ್ಮಪ್ಪ ಒಪ್ಪಲ್ಲ. ಕೇಳೋಕೂ ಭಯ" ಅಂದಳು. ಸಭೆಯಲ್ಲಿ ಯಾರೂ ನಗಲಿಲ್ಲ. ನಾನು ಒಪ್ಪಿಸುವ ಉಪಾಯ ಹೇಳಬಹುದಿತ್ತು, ಆದರೆ ಅವಳ ಮುಖ ನೋಡಿ ಹೇಳಲಿಲ್ಲ. ನಿಮ್ಮಪ್ಪ ಏನು ಬೆಳೀತಾರಮ್ಮ ಅಂತ ಕೇಳಿದೆ. ಕ್ಯಾಪ್ಸಿಕಂ ಮತ್ತು ಟೊಮೆಟೊ ಅಂದಳು. ಮಾರೋದೆಲ್ಲಿ ಅಂದೆ. ಕೋಲಾರ ಮಾರ್ಕೆಟ್‌ಗೆ ಹಾಕ್ತಾರೆ, ಆಮೇಲೆ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ ಅಂದಳು.

ಕಾರ್ಯಕ್ರಮ ಮುಗಿದ ಮೇಲೆ ಕಾರಿಡಾರಿನಲ್ಲಿ ಅವಳನ್ನು ಹುಡುಕಿದೆ. ಅಪ್ಪನ ಫೋನ್ ನಂಬರ್ ಕೊಡು, ನಾನೇ ಮಾತಾಡ್ತೀನಿ ಅಂದೆ. ಬ್ಯಾಗಿನಿಂದ ಪೆನ್ನು ತೆಗೆದು ನನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಟ್ಟಳು. ಬರುವ ಭಾನುವಾರ ಅವರ ತೋಟಕ್ಕೆ ಹೋಗುತ್ತಿದ್ದೇನೆ.